ದುರ್ಗದ ಶಸ್ತ್ರಾಗಾರದಲ್ಲಿ ಮೂರು ಸ್ಟೆನ್ ಗನ್‌ಗಳು

ಮೊದಲನೆಯ ದಿನ: ಸಪ್ತಮಿ

ದಾವಣಗೆರೆಯ ನನ್ನ ಲೇತ್ ವರ್ಕ್‌ಶಾಪಿಗೆ ನವರಾತ್ರಿಯಲ್ಲಿ ಬಿಡುವೆಂಬುದೇ ಇರುವುದಿಲ್ಲ. ಆಯುಧಪೂಜೆಗೆ ಮೊದಲು ಯಂತ್ರದ ಬುಷ್ಷು, ಶಾಫ್ಟು ಸರಿಮಾಡಿಸಿಕೊಳ್ಳಬೇಕೆಂದು ಅಕ್ಕಿ ಗಿರಣಿಯವರೂ ಕಬ್ಬಿನ ಗಾಣದವರೂ ಸಾಲಾಗಿ ಬಂದು ನಿಲ್ಲುತ್ತಾರೆ. ಆದರೂ ಕಳೆದ ವರ್ಷ ಸಪ್ತಮಿಯ ಬೆಳಿಗ್ಗೆ ಅಂಗಡಿಯನ್ನು ಮಗನಿಗೆ ಒಪ್ಪಿಸಿ, ನಾಲ್ಕು ದಿನದ ಮಟ್ಟಿಗೆ ಚಿತ್ರದುರ್ಗಕ್ಕೆ ಹೊರಟೆ. ಪೊಲೀಸ್ ಶಸ್ತ್ರಾಗಾರವೊಂದರಲ್ಲಿ ಆರ್ಮರರ್, ಅಂದರೆ ಆಯುಧ ನೋಡಿಕೊಳ್ಳುವ ಕೆಲಸಗಾರ, ಆಗಿದ್ದು ನಿವೃತ್ತನಾದ ಗೆಳೆಯನೊಬ್ಬ ಹಿಂದಿನ ವಾರ ಫೋನ್ ಮಾಡಿದ್ದ. "ಅಣ್ಣಾ, ಸರ್ವೀಸಿನಿಂದ ತೆಗೆದ ಹಳೇ ಸ್ಟೆನ್ ಗನ್ ಮೂರು ಅವೆ. ಈ ಸಲ ಪೂಜೆಗೆ ಇಟ್ಟು ಶಾಲೆ ಮಕ್ಕಳಿಗೆ ತೋರಿಸ್ತಾರಂತೆ. ಬಿಚ್ಚಿ ಒರೆಸೋಕೆ ನಾನಿದೀನಿ, ಆದ್ರೆ ಪಕ್ಕದಲ್ಲಿ ಇಡೋಕೆ ನಾಲ್ಕು ಸಾಲು ಬರೆದುಕೊಡೋರು ಬೇಕು. ನೀವು ಬರ್ರಿ" ಎಂದಿದ್ದ.

ನಾನು 1979ರಲ್ಲಿ ಸೇನೆಯ ಯಂತ್ರ, ಆಯುಧಗಳ ರಿಪೇರಿ ನೋಡಿಕೊಳ್ಳುವ ಇಎಂಇ ವಿಭಾಗಕ್ಕೆ ಸೇರಿ, ಸಿಕಂದರಾಬಾದಿನಲ್ಲಿ ತರಬೇತಿ ಪಡೆದು, 20 ವರ್ಷ ಆಯುಧಗಳ ದುರಸ್ತಿಯ ಕೆಲಸ ಮಾಡಿದವನು. ನನ್ನ ಕಾಲಕ್ಕೆ ಸೈನಿಕರ ಕೈಯಲ್ಲಿದ್ದುದು ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯಲ್ಲಿ ತಯಾರಾಗುತ್ತಿದ್ದ 9 ಮಿ.ಮೀ. ಕಾರ್ಬೈನ್. ಎರಡನೆಯ ಮಹಾಯುದ್ಧದ ಸ್ಟೆನ್, ಟಾಮಿ ಗನ್ನುಗಳು ಆಗಲೇ ಹಿಂದಿನ ಸಾಲಿಗೆ ಸರಿದಿದ್ದವು. ಆದರೆ ಉಗ್ರಾಣದ ಮೂಲೆಯಿಂದಲೋ, ಬೇರೆ ಪಡೆಗಳಿಂದಲೋ ಅವು ಆಗಾಗ ನಮ್ಮ ಬೆಂಚಿಗೆ ಬರುತ್ತಿದ್ದವು. ಹೊಸ ಕಾರ್ಬೈನು ನೂರಾರು ಬಂದರೂ ನೆನಪಿನಲ್ಲಿ ಉಳಿದಿಲ್ಲ. ಬೆರಳೆಣಿಕೆಯಷ್ಟು ಬಂದ ಆ ಹಳೆಯವು ಮಾತ್ರ ಒಂದೊಂದೂ ನೆನಪಿವೆ.

ಈ ಜಾತಿಯ ಆಯುಧಕ್ಕೆ ಇಂಗ್ಲಿಷಿನಲ್ಲಿ ಸಬ್‌ಮಷಿನ್ ಗನ್ ಎಂಬ ಹೆಸರನ್ನು ಬಳಕೆಗೆ ತಂದವನು ಟಾಮಿ ಗನ್ನಿನ ಹಿಂದಿದ್ದ ಅಮೆರಿಕದ ಸೇನಾಧಿಕಾರಿ ಜಾನ್ ಥಾಂಪ್ಸನ್. ರೈಫಲಿನ ದೊಡ್ಡ ತೋಟೆಯನ್ನಲ್ಲ, ಪಿಸ್ತೂಲಿನ ಸಣ್ಣ ತೋಟೆಯನ್ನೇ ಒಂದರ ಹಿಂದೊಂದರಂತೆ ಎಡೆಬಿಡದೆ ಹಾರಿಸುವ, ಎರಡು ಕೈಯಲ್ಲಿ ಹಿಡಿಯುವ ಗಿಡ್ಡ ಬಂದೂಕು ಇದು. ಕನ್ನಡದಲ್ಲಿ ಇದಕ್ಕೊಂದು ಸ್ವಂತ ಹೆಸರು ನೆಲೆಗೊಳ್ಳಲಿಲ್ಲ. ನಮ್ಮ ಕಡೆಯ ಹಳಬರಿಗೆ ಇಂಥವೆಲ್ಲವೂ ಸ್ಟೆನ್ನೇ.

ದಾವಣಗೆರೆಯಿಂದ ದುರ್ಗ ಸುಮಾರು 60 ಕಿ.ಮೀ. ನಾನು ನೇರವಾಗಿ ಹೋಗದೆ ಭರಮಸಾಗರದಲ್ಲಿ ಇಳಿದು, ಅಲ್ಲಿಂದ ಆಟೋ ಹಿಡಿದು ಸಮೀಪದ ಒಂದು ಹಳ್ಳಿಗೆ ಹೋದೆ. ನೆಲದಲ್ಲಿ ಹೂತ ಮೈನ್ ತೆಗೆಯುವಂಥ ಕೆಲಸ ಮಾಡುವ ಸೇನೆಯ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದು, 1965ರ ಯುದ್ಧದಲ್ಲಿ ಪಂಜಾಬಿನ ಗಡಿಯಲ್ಲಿ ಸ್ಟೆನ್ ಹೊತ್ತು ನಡೆದ ಅಜ್ಜರೊಬ್ಬರು ಅಲ್ಲಿದ್ದಾರೆ. ಮಾಜಿ ಸೈನಿಕರ ಸಭೆಗಳಲ್ಲಿ ಕಂಡು ಪರಿಚಯವಿತ್ತು. ನಾಲ್ಕು ಸಾಲು ಬರೆಯುವ ಮೊದಲು, ಅದನ್ನು ರಿಪೇರಿ ಮಾಡಿದವನ ಮಾತಿಗಿಂತ ಅದನ್ನು ನಂಬಿ ರಾತ್ರಿ ಕಳೆದವರ ಮಾತು ಕೇಳಬೇಕೆನ್ನಿಸಿತ್ತು.

ಅಜ್ಜರಿಗೆ 80 ದಾಟಿದೆ. ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ಕಣದ ಪಕ್ಕದ ಕಟ್ಟೆಯ ಮೇಲೆ ಕೂತು ಮೆಕ್ಕೆಜೋಳ ಸುಲಿಸುತ್ತಿದ್ದವರು, ನಾನು ಬಂದ ಕಾರಣ ಹೇಳುತ್ತಿದ್ದಂತೆ ಬಲಗೈಯ ಹೆಬ್ಬೆರಳನ್ನು ಮುಂದೆ ಚಾಚಿದರು. ಉಗುರು ಬುಡದಿಂದಲೇ ಸೀಳಿ ಎರಡು ದಂಡೆಯಾಗಿ ಬೆಳೆದಿತ್ತು.

"ಇದು ಮ್ಯಾಗಜಿನ್ ತುಂಬಿದ ಗುರುತು ಕಣಪ್ಪ" ಎಂದರು. "ತುಂಬೋಕೆ ಒಂದು ತಗಡಿನ ಸಾಧನ ಕೊಟ್ಟಿದ್ರು. ಅದು ಸೆಕ್ಷನ್ನಿಗೆಲ್ಲ ಒಂದೇ, ಅದೂ ಕಳೆದುಹೋಯ್ತು. ಆಮೇಲೆ ಹೆಬ್ಬೆಟ್ಟೇ ಸಾಧನ. ಕೊನೇ ನಾಲ್ಕು ಗುಂಡು ಒತ್ತೋ ಹೊತ್ತಿಗೆ ಸ್ಪ್ರಿಂಗು ಎದುರಿಗೆ ಒದೀತಿತ್ತು."

"32 ತುಂಬ್ತಿದ್ರಾ ಅಜ್ಜಾರೆ?"

"ಪುಸ್ತಕದಾಗೆ 32. ನಾನು ಒಂದಿನಾನೂ ತುಂಬಲಿಲ್ಲ. 28. ನಮ್ಮ ಹವಾಲ್ದಾರ್ರು ಮೊದಲನೇ ದಿನಾನೇ ಹೇಳಿದ್ರು, ಇಪ್ಪತ್ತೆಂಟಕ್ಕೆ ನಿಲ್ಸು, ಅದು ನಿನ್ನ ಮಾತು ಕೇಳ್ತದೆ ಅಂತ."

ಹವಾಲ್ದಾರರ ಆ ಮಾತಿನ ಹಿಂದಿರುವುದು ಸ್ಟೆನ್ನಿನ ಹುಟ್ಟಿನಿಂದಲೇ ಬಂದ ದೋಷ. ಅದರ ಮ್ಯಾಗಜಿನ್ನಿನ, ಅಂದರೆ ತೋಟೆ ತುಂಬುವ ತಗಡಿನ ಡಬ್ಬಿಯ, ಒಡಲಿನಲ್ಲಿ ತೋಟೆಗಳು ಎರಡು ಸಾಲಾಗಿ ಕೂರುತ್ತವೆ; ಬಾಯಿಯ ಹತ್ತಿರ ಮಾತ್ರ ಒಂದೇ ಸಾಲಾಗಿ ಹೊರಗೆ ಬರಬೇಕು. ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ಎರಡು ಸಾಲಿನ ಜನ ಗರ್ಭಗುಡಿಯ ಒಂದೇ ಬಾಗಿಲಿಗೆ ಬಂದು ಸೇರುವ ಜಾಗದಲ್ಲಿ ಆಗುವ ನೂಕುನುಗ್ಗಲು ಅಲ್ಲಿಯೂ ಆಗುತ್ತದೆ. ಜೊತೆಗೆ ಒಂದಿಷ್ಟು ಧೂಳು ಸೇರಿದರೆ, ಅಥವಾ ಬಾಯಿಯ ಅಂಚಿನ ತಗಡು, ನಾವು ತುಟಿ ಎನ್ನುತ್ತಿದ್ದ ಭಾಗ, ಸ್ವಲ್ಪ ಬಾಗಿದರೆ, ತೋಟೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಪೂರ್ತಿ ತುಂಬಿ ಸ್ಪ್ರಿಂಗನ್ನು ಕೊನೆಯವರೆಗೆ ಅದುಮಿದಾಗ ಇದರ ಸಂಭವ ಹೆಚ್ಚು. ಎರಡು ನಾಲ್ಕು ತೋಟೆ ಕಡಿಮೆ ತುಂಬುವ ರೂಢಿ ಬ್ರಿಟಿಷ್ ಸೈನಿಕರಲ್ಲಿಯೂ ಇತ್ತು.

ಎಂದಾದರೂ ಅದು ಕೈಕೊಟ್ಟಿತ್ತೇ ಎಂದು ಕೇಳಿದೆ. ಅಜ್ಜರು ತುಸು ಹೊತ್ತು ಸುಮ್ಮನಿದ್ದರು. ಮೈನ್ ಹುಡುಕುವವನಿಗೆ ಎರಡು ಕೈಯೂ ನೆಲದ ಮೇಲೆ ಬೇಕಾದ್ದರಿಂದ ಸ್ಟೆನ್ನು ಬೆನ್ನಿಗಿರುತ್ತಿತ್ತೆಂದೂ, ಒಂದು ರಾತ್ರಿ ಕಬ್ಬಿನ ಗದ್ದೆಯ ಅಂಚಿನಲ್ಲಿ ಸದ್ದು ಕೇಳಿ ಅದನ್ನು ಎಳೆದುಕೊಂಡು ಗುರಿ ಹಿಡಿದಾಗ ಒಂದೇ ಗುಂಡು ಹಾರಿ ನಿಂತಿತೆಂದೂ, ಬಂದವನೂ ಕತ್ತಲಲ್ಲಿ ಓಡಿಹೋದನೆಂದೂ ಹೇಳಿದರು. ಬೆಳಗಾದ ಮೇಲೆ ನೋಡಿದರೆ ಎರಡನೆಯ ತೋಟೆ ಬಾಯಲ್ಲೇ ಓರೆಯಾಗಿತ್ತಂತೆ. "ಅವತ್ತು ಗಾಬರೀಲಿ ಮ್ಯಾಗಜಿನ್ ಹಿಡಿದಿದ್ದೆ. ಹಿಡೀಬಾರದು ಅಂತ ಗೊತ್ತಿತ್ತು. ಗೊತ್ತಿದ್ದದ್ದು ಕತ್ತಲಾಗೆ ಮರೀತದೆ" ಎಂದರು.

ಹೊರಡುವಾಗ ಅಜ್ಜರು ಕೇಳಿದ್ದು ಒಂದೇ. "ಮಕ್ಕಳಿಗೆ ಏನು ಬೇಕಾದ್ರೂ ಬರೀ. ಇಪ್ಪತ್ತೆಂಟು ಅನ್ನೋದು ಬಿಡಬೇಡ."

ಸಂಜೆ ದುರ್ಗ ತಲುಪಿದಾಗ ಗುಡ್ಡದ ಸಾಲಿನ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು. ಗೆಳೆಯನ ಮನೆಯಲ್ಲಿ ರೊಟ್ಟಿ ಊಟ ಮುಗಿಸಿ ಮಲಗಿದೆ.

ಎರಡನೆಯ ದಿನ: ಅಷ್ಟಮಿ

ಶಸ್ತ್ರಾಗಾರದ ಬಾಗಿಲಲ್ಲಿ ನಮ್ಮಿಬ್ಬರ ಹೆಸರು ಬರೆದುಕೊಂಡು, ಮೊಬೈಲ್ ಇಸಿದುಕೊಂಡು ಒಳಗೆ ಬಿಟ್ಟರು. ಕರ್ತವ್ಯದಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ಇಡೀ ದಿನ ನಮ್ಮ ಪಕ್ಕದಲ್ಲೇ ಇದ್ದರು. ಅದು ಸರಿಯಾದ ಕ್ರಮ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಒಮ್ಮೆ ಟ್ರಿಗರ್ ಒತ್ತಿದರೆ ಗುಂಡು ಹಾರುತ್ತಲೇ ಹೋಗುವ ಇಂಥ ಆಯುಧಗಳು ನಿಷೇಧಿತ ವರ್ಗಕ್ಕೆ ಸೇರುತ್ತವೆ. ಎಷ್ಟೇ ಹಳೆಯದಾದರೂ ತುಕ್ಕು ಹಿಡಿದಿದ್ದರೂ ಅದು ಪಡೆಯ ಲೆಕ್ಕದಲ್ಲೇ ಇರಬೇಕು.

ಮರದ ಪೆಟ್ಟಿಗೆಯಿಂದ ಮೂರನ್ನೂ ತೆಗೆದು ಮೇಜಿನ ಮೇಲೆ ಇಟ್ಟಾಗ ಮೊದಲು ಬಂದದ್ದು ವಾಸನೆ. ಹಳೆಯ ಎಣ್ಣೆ, ಕಬ್ಬಿಣ, ಜೇಡರಬಲೆ. 25 ವರ್ಷದ ಮೇಲೆ ಆ ವಾಸನೆ ಮೂಗಿಗೆ ಬಡಿದಾಗ ನನ್ನ ಕೈ ತಾನಾಗಿಯೇ ಚಿಂದಿ ಹುಡುಕಿತು. ಸೇನೆಯಲ್ಲಿ ಆಯುಧ ಒರೆಸುವ ಬಟ್ಟೆಗೆ ಎಲ್ಲ ಭಾಷೆಯವರೂ ಚಿಂದಿ ಎಂದೇ ಕರೆಯುತ್ತಿದ್ದೆವು.

ಸ್ಟೆನ್ನಿನ ಮಾದರಿಗಳಿಗೆ ಮಾರ್ಕ್ ಎನ್ನುತ್ತಾರೆ. ಇಲ್ಲಿದ್ದದ್ದು ಎರಡು ಮಾರ್ಕ್ 2, ಒಂದು ಮಾರ್ಕ್ 3. ಮಾರ್ಕ್ 2 ಎಂಬುದನ್ನು ಮೊದಲ ಸಲ ನೋಡುವವರಿಗೆ ಅದು ಆಯುಧವೆಂದೇ ಅನ್ನಿಸುವುದಿಲ್ಲ. ಒಂದು ಉಕ್ಕಿನ ಕೊಳವೆ, ಅದರ ಎಡಗಡೆಗೆ ಅಡ್ಡಲಾಗಿ ಚಾಚಿಕೊಂಡ ಮ್ಯಾಗಜಿನ್, ಹಿಂದೆ ಹೆಗಲಿಗೆ ಒತ್ತಿ ಹಿಡಿಯಲು ಕಂಬಿಯಿಂದಲೋ ಕೊಳವೆಯಿಂದಲೋ ಮಾಡಿದ ಬಟ್. ಮರವಿಲ್ಲ, ಹೊಳಪಿಲ್ಲ. ಬೆಸುಗೆಯ ಗಂಟುಗಳನ್ನು ಅರದಿಂದ ಉಜ್ಜಿ ನಯ ಮಾಡುವ ಗೋಜಿಗೂ ಹೋಗಿಲ್ಲ. ಇದನ್ನು ಬಳಸಿದ ಬ್ರಿಟಿಷ್ ಸೈನಿಕರೇ ನಲ್ಲಿ ರಿಪೇರಿಯವನ ಕೆಲಸವೆಂದು ಆಡಿಕೊಳ್ಳುತ್ತಿದ್ದರು. ಲೇತ್ ನಡೆಸುವ ನಾನು ಹಾಗೆ ಆಡಿಕೊಳ್ಳಲಾರೆ. ಯಾವುದು ನಯವಾಗಿರಬೇಕೋ ಅದನ್ನು ಮಾತ್ರ ನಯ ಮಾಡಿ, ಉಳಿದದ್ದನ್ನೆಲ್ಲ ಒರಟಾಗಿಯೇ ಬಿಡುವ ಧೈರ್ಯ ಎಲ್ಲ ಕೆಲಸಗಾರರಿಗೂ ಬರುವುದಿಲ್ಲ. ಕೊಳವೆಯೊಳಗೆ ಹಿಂದೆ ಮುಂದೆ ಓಡುವ ಉಕ್ಕಿನ ತುಂಡು ಬೋಲ್ಟು; ಅದರ ಮೈ ಮುಟ್ಟಿ ನೋಡಿದರೆ ತಿಳಿಯುತ್ತದೆ, ಗಮನವೆಲ್ಲ ಎಲ್ಲಿ ಇತ್ತೆಂದು.

ಆ ಧೈರ್ಯ ಬಂದದ್ದು ಕಷ್ಟದಿಂದ. 1940ರ ಮೇ ಕೊನೆ, ಜೂನ್ ಮೊದಲಲ್ಲಿ ಡಂಕರ್ಕ್ ತೀರದಿಂದ ಬ್ರಿಟನ್ 3,38,000ಕ್ಕೂ ಹೆಚ್ಚು ಸೈನಿಕರನ್ನು ಹಡಗು, ದೋಣಿಗಳಲ್ಲಿ ಪಾರುಮಾಡಿತು. ಸೈನಿಕರು ಬಂದರು, ಆಯುಧಗಳು ಫ್ರಾನ್ಸಿನಲ್ಲೇ ಉಳಿದವು. ಅಮೆರಿಕದ ಥಾಂಪ್ಸನ್ ಬಂದೂಕು ಕೊಳ್ಳಬಹುದಿತ್ತು, ಆದರೆ ಅದು ಬಲು ದುಬಾರಿ. ಅದನ್ನು ತರುವ ಹಡಗುಗಳನ್ನು ಅಟ್ಲಾಂಟಿಕ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಮುಳುಗಿಸುತ್ತಿದ್ದವು. ಜರ್ಮನರು ನಾಳೆಯೇ ದಡಕ್ಕೆ ಬಂದರೆ ಏನು ಗತಿ ಎಂಬ ಆ ಹೊತ್ತಿನಲ್ಲಿ ರೆಜಿನಾಲ್ಡ್ ಶೆಫರ್ಡ್, ಹೆರಾಲ್ಡ್ ಟರ್ಪಿನ್ ಎಂಬಿಬ್ಬರು ರೂಪಿಸಿ, 1941ರಲ್ಲಿ ತಯಾರಿಕೆಗೆ ಬಂದ ಬಂದೂಕು ಇದು. ಇಂಗ್ಲಿಷಿನಲ್ಲಿ ಇಬ್ಬರ ಅಡ್ಡಹೆಸರಿನ ಮೊದಲಕ್ಷರಗಳಾದ ಎಸ್, ಟಿಗೆ ಎನ್‌ಫೀಲ್ಡ್ ಎಂಬ ಊರಿನ ಮೊದಲೆರಡು ಅಕ್ಷರ ಸೇರಿ ಸ್ಟೆನ್ ಆಯಿತು. ಒಂದಕ್ಕೆ ಬಿದ್ದ ಖರ್ಚು ಎರಡರಿಂದ ಮೂರು ಪೌಂಡ್. ಯುದ್ಧ ಮುಗಿಯುವ ಹೊತ್ತಿಗೆ ಎಲ್ಲ ಮಾದರಿಗಳೂ ಸೇರಿ ಸುಮಾರು 40 ಲಕ್ಷ ತಯಾರಾಗಿದ್ದವು.

ಮಾರ್ಕ್ 2ರಲ್ಲಿ ಒಂದರ ಮೇಲೆ ಲಾಂಗ್ ಬ್ರಾಂಚ್ ಎಂಬ ಗುರುತೂ 1943 ಎಂಬ ಇಸವಿಯೂ ಇತ್ತು. ಲಾಂಗ್ ಬ್ರಾಂಚ್ ಇರುವುದು ಕೆನಡಾದಲ್ಲಿ. ಅಲ್ಲಿಂದ ಹೊರಟದ್ದು ಎಷ್ಟು ಸಮುದ್ರ ದಾಟಿ, ಯಾರ ಯಾರ ಹೆಗಲೇರಿ, ಕೊನೆಗೆ ದುರ್ಗದ ಕೋಟೆಯ ನೆರಳಿಗೆ ಬಂದು ಸೇರಿತೋ. ಗೆಳೆಯ ಅದನ್ನು ಎತ್ತಿಕೊಂಡು ಮ್ಯಾಗಜಿನ್ ಕೂರುವ ಗೂಡನ್ನು ತಿರುಗಿಸಿದ. ಮಾರ್ಕ್ 2ರಲ್ಲಿ ಈ ಗೂಡು ಕೆಳಮುಖವಾಗಿ ತಿರುಗಿ, ಖಾಲಿ ತೋಟೆ ಹೊರಬೀಳುವ ಕಿಂಡಿಯನ್ನು ಮುಚ್ಚುತ್ತದೆ. ಹೊತ್ತು ನಡೆಯುವಾಗ ಧೂಳು ಒಳಸೇರದಂತೆ ಮಾಡಿದ ಏರ್ಪಾಡು. ಮೊದಲು ಬಿಗಿಯಾಗಿತ್ತು. ಎರಡು ಹನಿ ಎಣ್ಣೆ ಬಿಟ್ಟು ಕಾದ ಮೇಲೆ ಅದು ಮೆಲ್ಲಗೆ ತಿರುಗಿ ಕಟ್ ಎಂದು ಕೂತಿತು. ಅಷ್ಟು ಸಾಕಾಗಿತ್ತು ನಮ್ಮಿಬ್ಬರಿಗೂ. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮಾರ್ಕ್ 3 ಇನ್ನೂ ಸರಳ. ತಗಡನ್ನು ಸುತ್ತಿ ಮೇಲ್ಗಡೆ ಉದ್ದಕ್ಕೂ ಬೆಸೆದಿದ್ದಾರೆ. ಆ ಬೆಸುಗೆ ಬೆನ್ನುಮೂಳೆಯಂತೆ ಎದ್ದು ಕಾಣುತ್ತದೆ. ಬ್ಯಾರೆಲ್ಲು ಬಿಚ್ಚಲು ಬರುವುದಿಲ್ಲ, ಗೂಡೂ ತಿರುಗುವುದಿಲ್ಲ. ಇದನ್ನು ಲಕ್ಷಗಟ್ಟಲೆ ಮಾಡಿದ್ದು ಲೈನ್ಸ್ ಬ್ರದರ್ಸ್ ಎಂಬ ಬ್ರಿಟನ್ನಿನ ಆಟಿಕೆ ಕಂಪನಿ. ಮಕ್ಕಳ ತಗಡಿನ ಆಟಿಕೆ ಮಾಡಿ ಪಳಗಿದ ಕೈಗೆ ತಗಡು ಬಾಗಿಸುವ ಕೆಲಸ ಗೊತ್ತಿತ್ತು, ಅದೇ ಸಾಕೆನ್ನುವಂತೆ ಬಂದೂಕನ್ನು ರೂಪಿಸಲಾಗಿತ್ತು. ಇದನ್ನು ಹೇಳಿದಾಗ ಪಕ್ಕದಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ಲರು ಬಹಳ ಹೊತ್ತು ಆ ಬೆಸುಗೆಯ ಮೇಲೆ ಬೆರಳಾಡಿಸುತ್ತಿದ್ದರು. "ಮಕ್ಕಳಿಗೆ ಇದನ್ನ ಹೇಳೋದು ಹೆಂಗೆ ಸರ್?" ಎಂದರು. ನನಗೂ ಉತ್ತರ ಹೊಳೆಯಲಿಲ್ಲ.

ಸ್ಟೆನ್ನಿನ ಇನ್ನೊಂದು ದೋಷ ಮ್ಯಾಗಜಿನ್ನಿಗಿಂತ ಕೆಟ್ಟದ್ದು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ರೈಫಲಿನಲ್ಲಿ ಬೋಲ್ಟು ಮುಚ್ಚಿ, ತೋಟೆ ನಳಿಗೆಯಲ್ಲಿ ಭದ್ರವಾದ ಮೇಲೆ ಟ್ರಿಗರಿನ ಕೆಲಸ. ಸ್ಟೆನ್ನಿನಲ್ಲಿ ಹಾಗಲ್ಲ, ಭಾರವಾದ ಬೋಲ್ಟು ಹಿಂದೆ ನಿಂತಿರುತ್ತದೆ, ಟ್ರಿಗರ್ ಒತ್ತಿದಾಗ ಸ್ಪ್ರಿಂಗಿನ ಬಲಕ್ಕೆ ಮುಂದೆ ನುಗ್ಗಿ, ತೋಟೆಯನ್ನು ತಳ್ಳಿಕೊಂಡು ಹೋಗಿ, ಅದೇ ಪೆಟ್ಟಿನಲ್ಲಿ ಸಿಡಿಸುತ್ತದೆ. ಸಿಡಿಸುವ ಮೊಳೆ ಬೋಲ್ಟಿನ ಮುಖದಲ್ಲೇ ಇದೆ. ಹಾಗಾಗಿ ತುಂಬಿದ ಸ್ಟೆನ್ನು, ಬೋಲ್ಟನ್ನು ಮುಂದೆ ಬಿಟ್ಟಿದ್ದರೂ, ಎತ್ತರದಿಂದ ಬಟ್ಟಿನ ಮೇಲೆ ಬಿದ್ದರೆ, ಆ ಅದುರಿಗೇ ಬೋಲ್ಟು ಹಿಂದಕ್ಕೆ ಜಿಗಿದು ಮುಂದೆ ಬಂದು ಗುಂಡು ಹಾರಬಹುದು. 1980ರ ದಶಕದ ಮೊದಲಲ್ಲಿ, ನಾನಿದ್ದ ಒಂದು ವರ್ಕ್‌ಶಾಪಿಗೆ ದುರಸ್ತಿಗೆಂದು ಆಯುಧ ತಂದ ಲಾರಿಯ ಹಿಂಬದಿಯಿಂದ ಕಾವಲಿನ ಜವಾನನೊಬ್ಬ ಧುಮುಕಿದ. ಹೆಗಲಿನ ಪಟ್ಟಿ ಜಾರಿ ಅವನ ಸ್ಟೆನ್ನು ನೆಲಕ್ಕೆ ಬಡಿಯಿತು. ಒಂದೇ ಗುಂಡು. ಅದು ನನ್ನ ಎಡಭಾಗದ ತಗಡಿನ ಗೋಡೆ ತೂರಿ ಹೋಯಿತು, ಯಾರಿಗೂ ತಾಗಲಿಲ್ಲ. ಜವಾನ ಅಲ್ಲೇ ಕುಸಿದು ಕೂತ. ಅವನ ತುಟಿ ನಡುಗುತ್ತಿದ್ದುದು ನನಗೆ ಈಗಲೂ ಕಾಣುತ್ತದೆ. ವಿಚಾರಣೆಯಲ್ಲಿ ನಾನು ಸಾಕ್ಷಿ ಹೇಳುವಾಗ, ಇದು ಇವನ ಅಜಾಗರೂಕತೆ ಮಾತ್ರವಲ್ಲ, ಈ ಆಯುಧದ ಗುಣವೂ ಹೌದು ಎಂದೆ. ಅದು ಕಾಗದದ ಮೇಲೆ ಬಂತೋ ಇಲ್ಲವೋ ತಿಳಿಯಲಿಲ್ಲ. ಆದರೆ ಅಂದಿನಿಂದ, ಬೆಂಚಿಗೆ ಬಂದ ಪ್ರತಿಯೊಂದು ಸ್ಟೆನ್ನಿನ ಮ್ಯಾಗಜಿನ್ ಮೊದಲು ತೆಗೆದು, ಆಮೇಲೆ ಮಾತಾಡುವುದು ನನ್ನ ಅಭ್ಯಾಸವಾಯಿತು. ದುರ್ಗದಲ್ಲಿಯೂ, ಮೂರರಲ್ಲಿಯೂ ಏನೂ ಇಲ್ಲವೆಂದು ಗೊತ್ತಿದ್ದೂ, ಮೊದಲು ಮಾಡಿದ ಕೆಲಸ ಅದೇ.

ಹೋಲಿಕೆಗೆಂದು ಒಂದು ಕಾನ್ಪುರದ ಕಾರ್ಬೈನನ್ನೂ ತರಿಸಿ ಪಕ್ಕದಲ್ಲಿಟ್ಟೆವು. ಇದು ಯುದ್ಧದ ಕಾಲದಲ್ಲೇ ಜಾರ್ಜ್ ಪ್ಯಾಚೆಟ್ ರೂಪಿಸಿ, 1953ರಲ್ಲಿ ಬ್ರಿಟಿಷ್ ಸೇನೆ ಒಪ್ಪಿಕೊಂಡ ಸ್ಟರ್ಲಿಂಗ್ ಬಂದೂಕಿನ ಭಾರತೀಯ ರೂಪ. ಮ್ಯಾಗಜಿನ್ ಇದರಲ್ಲಿಯೂ ಎಡಗಡೆಗೇ ಇದೆ, ಆದರೆ ಬಾಗಿದೆ; ಇದರಲ್ಲಿ ತೋಟೆಗಳು ಎರಡು ಸಾಲಿನಿಂದಲೇ ಸರದಿಯಂತೆ ಹೊರಬರುತ್ತವೆ, ಒಂದೇ ಬಾಗಿಲಿಗೆ ನುಗ್ಗುವ ಪ್ರಮೇಯವಿಲ್ಲ. 34 ತುಂಬಿದರೆ 34ನ್ನೂ ಹಾರಿಸುತ್ತದೆ. ಬೋಲ್ಟಿನ ಮೈಮೇಲೆ ಓರೆಯಾಗಿ ಏರುಗಳನ್ನು ಬಿಟ್ಟಿದ್ದಾರೆ. ಒಳಸೇರಿದ ಮಣ್ಣನ್ನು ಅವು ಕೆರೆದು ಪಕ್ಕಕ್ಕೆ ತಳ್ಳುತ್ತವೆ. ಸ್ಟೆನ್ ಹೊತ್ತವರು ಪಟ್ಟ ಪಾಡಿಗೆ ಒಬ್ಬ ಕಿವಿಗೊಟ್ಟಿದ್ದಾನೆಂದು ಇದನ್ನು ಬಿಚ್ಚಿದಾಗಲೆಲ್ಲ ನನಗೆ ಅನ್ನಿಸಿದೆ.

ಮಧ್ಯಾಹ್ನದ ಮೇಲೆ ಮ್ಯಾಗಜಿನ್ನುಗಳಿದ್ದ ಪೆಟ್ಟಿಗೆ ತೆಗೆದೆವು. ಹನ್ನೊಂದಿದ್ದವು. ಒಂದೊಂದನ್ನೂ ಬೆಳಕಿಗೆ ಹಿಡಿದು ತುಟಿ ನೋಡುತ್ತಾ ಹೋದೆ, ನಾಲ್ಕರದ್ದು ಬಾಗಿತ್ತು. ಪೆಟ್ಟಿಗೆಯ ಮುಚ್ಚಳವನ್ನು ಹಿಂದಕ್ಕೆ ಒರಗಿಸಿದ ಗೆಳೆಯ ಇದ್ದಕ್ಕಿದ್ದಂತೆ "ಅಣ್ಣಾ, ಇಲ್ಲಿ ನೋಡ್ರಿ" ಎಂದ. ಮುಚ್ಚಳದ ಒಳಮೈಯಲ್ಲಿ, ಬಿಳಿ ಬಣ್ಣದಲ್ಲಿ, ದಪ್ಪ ಕುಂಚದಿಂದ ಕನ್ನಡದಲ್ಲಿ ಬರೆದಿತ್ತು: "28 ಮಾತ್ರ."

ಬರೆದವರ ಹೆಸರಿಲ್ಲ, ತಾರೀಖಿಲ್ಲ. ಗೆಳೆಯ ಕೆಲಸಕ್ಕೆ ಸೇರುವ ಮೊದಲಿನದೇ ಇರಬೇಕು. ಅವನ 30 ವರ್ಷದ ನೌಕರಿಯಲ್ಲಿ ಆ ಪೆಟ್ಟಿಗೆಯನ್ನು ಯಾರೂ ಪೂರ್ತಿ ತೆಗೆದಿರಲಿಲ್ಲವಂತೆ. ಭರಮಸಾಗರದ ಹತ್ತಿರದ ಅಜ್ಜರ ಮಾತನ್ನು ಹೇಳಿದೆ. ಮೂವರೂ ಆ ಮುಚ್ಚಳದ ಮುಂದೆ ಸ್ವಲ್ಪ ಹೊತ್ತು ಏನೂ ಮಾತಾಡದೆ ನಿಂತೆವು.

ರಾತ್ರಿ ಗೆಳೆಯನ ಮನೆಯ ಜಗುಲಿಯಲ್ಲಿ ಕೂತು ರಟ್ಟಿನ ಮೇಲೆ ಬರೆಯಲು ತೊಡಗಿದೆ. ತೂಕ ಸುಮಾರು 3 ಕೆ.ಜಿ., ತೋಟೆ 9 ಮಿ.ಮೀ., ನಿಮಿಷಕ್ಕೆ 500ರಿಂದ 600 ಗುಂಡಿನ ವೇಗ. ಇಷ್ಟು ಸುಲಭ. ಆ ವೇಗದಲ್ಲಿ 28 ಗುಂಡು ಮೂರು ಸೆಕೆಂಡಿನಲ್ಲಿ ತೀರುತ್ತದೆ ಎಂಬುದನ್ನೂ ಬರೆದೆ, ಏಕೆಂದರೆ ಸಿನಿಮಾ ನೋಡಿದ ಮಕ್ಕಳು ಅದು ತೀರುವುದೇ ಇಲ್ಲವೆಂದು ತಿಳಿದಿರುತ್ತಾರೆ. ಮುಂದಿನ ಸಾಲು ಯಾರದೆಂದು ಯೋಚಿಸುವಾಗ 1948ರ ಫೆಬ್ರವರಿ 6 ನೆನಪಾಯಿತು. ಕಾಶ್ಮೀರದ ನೌಶೇರಾ ಬಳಿಯ ತೈನ್‌ಧಾರ್‌ನಲ್ಲಿ ಒಂಬತ್ತು ಜನರ ಒಂದು ಕಾವಲು ಠಾಣೆಯನ್ನು ನಾಯಕ್ ಜದುನಾಥ್ ಸಿಂಗ್ ಹಿಡಿದು ನಿಂತಿದ್ದರು. ಜೊತೆಗಾರರೆಲ್ಲ ಸತ್ತು, ಗಾಯಗೊಂಡು ಬಿದ್ದ ಮೇಲೆ, ಮೂರನೆಯ ದಾಳಿಗೆ ಎದುರಾಗಿ ಒಬ್ಬರೇ ಸ್ಟೆನ್ ಹಿಡಿದು ಹೊರಗೆ ನುಗ್ಗಿ ಶತ್ರುವನ್ನು ಹಿಮ್ಮೆಟ್ಟಿಸಿ ಪ್ರಾಣಬಿಟ್ಟರು. ಅವರಿಗೆ ಪರಮವೀರ ಚಕ್ರ ಸಂದಿತು. ನಂಬಲಾಗದೆಂದು ಹೆಸರು ಪಡೆದ ಈ ತಗಡಿನ ವಸ್ತು ಆ ಹೊತ್ತಿನಲ್ಲಿ ಅವರ ಮಾತು ಕೇಳಿತು. ಎರಡನೆಯ ಸಾಲು ಅದೇ ಆಯಿತು.

ಮೂರನೆಯ ದಿನ: ಮಹಾನವಮಿ

ಬೆಳಿಗ್ಗೆ ಎಂಟಕ್ಕೇ ಶಸ್ತ್ರಾಗಾರದ ಅಂಗಳ ತೊಳೆದು ರಂಗೋಲಿ ಹಾಕಿದ್ದರು. ಬಾಗಿಲಿಗೆ ಬಾಳೆಕಂಬ, ಮಾವಿನ ತೋರಣ. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಸೇವೆಯಲ್ಲಿರುವ ರೈಫಲುಗಳನ್ನು ಸಾಲಾಗಿ ನಿಲ್ಲಿಸಿ, ತುದಿಯಲ್ಲಿ ನಮ್ಮ ಮೂರನ್ನೂ ಇಟ್ಟರು. ಪೂಜಾರರು ಒಂದೊಂದಕ್ಕೂ ವಿಭೂತಿ, ಕುಂಕುಮ ಇಟ್ಟು ಚೆಂಡು ಹೂವಿನ ಸರ ಹಾಕುತ್ತಾ ಬಂದು, ಮಾರ್ಕ್ 3ರ ಮುಂದೆ ಒಂದು ಕ್ಷಣ ನಿಂತರು. ಎಲ್ಲಿ ಇಡುವುದೆಂದು ತೋರಲಿಲ್ಲವೇನೋ. ಆಮೇಲೆ ಆ ಬೆಸುಗೆಯ ಬೆನ್ನಿನ ಮೇಲೆಯೇ ಮೂರು ಬೆರಳೆಳೆದು ವಿಭೂತಿ ಹಚ್ಚಿದರು. ಬೂದುಗುಂಬಳ ಒಡೆಯಿತು. ಮಂಡಕ್ಕಿ, ಬೆಲ್ಲ, ಕೊಬ್ಬರಿಯ ಪ್ರಸಾದ ಹಂಚಿದರು.

ಹತ್ತರ ಮೇಲೆ ಮಕ್ಕಳು ಬಂದರು. ಬಹಳಷ್ಟು ಹುಡುಗರ ಮೊದಲ ಪ್ರಶ್ನೆ, ಇದು ಎಕೆ 47 ಏನು ಎಂಬುದು. ಅಲ್ಲ ಎಂದು ಹೇಳಿ ಹೇಳಿ ಗೆಳೆಯನ ಗಂಟಲು ಬತ್ತಿತು. ಒಬ್ಬ ಹುಡುಗ ಸಿನಿಮಾದವರಂತೆ ಎಡಗೈಯಲ್ಲಿ ಮ್ಯಾಗಜಿನ್ ಹಿಡಿದ ಭಂಗಿ ತೋರಿಸಿದ. ನಾನು ಅವನನ್ನು ಹತ್ತಿರ ಕರೆದು, ಅಲ್ಲಿ ಹಿಡಿದರೆ ಕೈಭಾರಕ್ಕೆ ಮ್ಯಾಗಜಿನ್ ಅಲುಗಾಡಿ ತೋಟೆ ಓರೆಯಾಗುತ್ತದೆಂದೂ, ಎಡಗೈ ಹಿಡಿಯಬೇಕಾದದ್ದು ಬ್ಯಾರೆಲ್ ಸುತ್ತಿನ ಕವಚವನ್ನೆಂದೂ ತೋರಿಸಿದೆ. ಅವನ ಹಿಂದೆ ನಿಂತಿದ್ದ ಎನ್‌ಸಿಸಿ ಸಮವಸ್ತ್ರದ ಹುಡುಗಿಯೊಬ್ಬಳು ಕೇಳಿದಳು: "ಸರ್, ಸಿಕ್ಕಿಕೊಂಡಿದ್ದರಿಂದ ನಿಜವಾಗ್ಲೂ ಯಾವಾಗಾದ್ರೂ ದೊಡ್ಡ ತೊಂದರೆ ಆಗಿತ್ತಾ?"

ಆ ಪ್ರಶ್ನೆಗಾಗಿಯೇ ನಾನು ಬಂದಿದ್ದೆನೋ ಏನೋ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ವಶದಲ್ಲಿದ್ದ ಪ್ರಾಗ್ ನಗರದ ಕಥೆ ಹೇಳಿದೆ. 1942ರ ಮೇ 27ರ ಬೆಳಿಗ್ಗೆ, ನಾಜಿ ಆಡಳಿತದ ಅತಿ ಕ್ರೂರ ಅಧಿಕಾರಿಗಳಲ್ಲೊಬ್ಬನಾದ ರೈನ್‌ಹಾರ್ಡ್ ಹೈಡ್ರಿಕ್ ತೆರೆದ ಕಾರಿನಲ್ಲಿ ಬರುವ ತಿರುವಿನಲ್ಲಿ ಯೋಜೆಫ್ ಗಾಬ್ಚಿಕ್, ಯಾನ್ ಕುಬಿಶ್ ಎಂಬ ಇಬ್ಬರು ಚೆಕೊಸ್ಲೊವಾಕಿಯಾದ ಸೈನಿಕರು ಕಾದು ನಿಂತಿದ್ದರು. ಇಬ್ಬರೂ ಬ್ರಿಟನ್ನಿನಲ್ಲಿ ತರಬೇತಿ ಪಡೆದು ವಿಮಾನದಿಂದ ಇಳಿದವರು. ಕಾರು ವೇಗ ತಗ್ಗಿಸಿದ ಕೂಡಲೇ ಗಾಬ್ಚಿಕ್ ಎದುರಿಗೆ ನಿಂತು ಸ್ಟೆನ್ನಿನ ಟ್ರಿಗರ್ ಒತ್ತಿದ. ಗುಂಡು ಹಾರಲಿಲ್ಲ. ಹೈಡ್ರಿಕ್ ಪಿಸ್ತೂಲು ಎಳೆದು ಎದ್ದುನಿಂತ. ಆಗ ಕುಬಿಶ್ ಎಸೆದ ಬಾಂಬು ಕಾರಿನ ಬಳಿ ಸಿಡಿದು, ಆ ಗಾಯದಿಂದಲೇ ಜೂನ್ 4ರಂದು ಹೈಡ್ರಿಕ್ ಸತ್ತ. ಇಬ್ಬರು ಗೆಳೆಯರೂ ಮುಂದೆ ಅದೇ ಜೂನ್‌ನಲ್ಲಿ ಚರ್ಚೊಂದರಲ್ಲಿ ಸುತ್ತುವರಿಯಲ್ಪಟ್ಟು ಪ್ರಾಣಬಿಟ್ಟರು. ಟ್ರಿಗರ್ ಒತ್ತಿ, ಏನೂ ಆಗದೆ, ಎದುರಿನವನ ಕಣ್ಣಲ್ಲಿ ಕಣ್ಣಿಟ್ಟು ನಿಂತ ಆ ಕ್ಷಣದ ಗಾಬ್ಚಿಕ್‌ನನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯೊಳಗೆ ಚಳಿಯಾಗುತ್ತದೆ. ಹುಡುಗಿ ಮತ್ತೇನೂ ಕೇಳದೆ, ಬಾಗಿ, ಮ್ಯಾಗಜಿನ್ನಿನ ಬಾಯನ್ನು ಬಹಳ ಹೊತ್ತು ನೋಡಿದಳು.

ಹುಡುಗರು ಟಾಮಿ ಗನ್ ಇಲ್ಲವೇ ಎಂದು ಕೇಳಿದರು. ಅಲ್ಲಿ ಇರಲಿಲ್ಲ. ಆದರೆ ನಾನು ಒಂದನ್ನು, ರೆಜಿಮೆಂಟೊಂದರ ಕ್ವಾರ್ಟರ್ ಗಾರ್ಡಿನಲ್ಲಿ, ಅಂದರೆ ಮುಖ್ಯ ಕಾವಲು ಕಟ್ಟಡದಲ್ಲಿ, ಅಲಂಕಾರಕ್ಕೆ ಇಟ್ಟಿದ್ದನ್ನು, ಸ್ವತಃ ಬಿಚ್ಚಿ ಸ್ವಚ್ಛ ಮಾಡಿದ್ದೆ. ಸುಮಾರು 5 ಕೆ.ಜಿ. ತೂಕ. ಗಟ್ಟಿ ಉಕ್ಕಿನ ತುಂಡನ್ನು ಕಡೆದು ಮಾಡಿದ ಮೈ, ಆಕ್ರೋಟ್ ಮರದ ಬಟ್; ಲೇತಿನವನ ಕಣ್ಣಿಗೆ ಅದು ಹಬ್ಬ. .45 ಇಂಚಿನ ದಪ್ಪ ತೋಟೆ. ಬೆಟ್ಟ ಹತ್ತುವವನಿಗೆ ಮಾತ್ರ ಆ ತೂಕ ಶಿಕ್ಷೆ. ಬರ್ಮಾದಲ್ಲಿ, ಇಟಲಿಯಲ್ಲಿ ನಮ್ಮ ಸೈನಿಕರು ಇದನ್ನು ಹೊತ್ತಿದ್ದರು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಪದಾತಿ ದಳದ ಸಿಪಾಯಿ ನಾಮದೇವ್ ಜಾಧವ್ 1945ರ ಏಪ್ರಿಲ್ 9ರಂದು ಇಟಲಿಯ ಸೆನಿಯೋ ನದಿಯ ದಂಡೆಯಲ್ಲಿ ಗಾಯಗೊಂಡ ಜೊತೆಗಾರರನ್ನು ಹೊತ್ತು ಪಾರುಮಾಡಿದ ಮೇಲೆ ಶತ್ರುವಿನ ಮಷಿನ್ ಗನ್ ನೆಲೆಗಳ ಮೇಲೆ ಒಬ್ಬರೇ ಏರಿಹೋದರು. ಕೈಗೆ ಗಾಯವಾಗಿ ಟಾಮಿ ಗನ್ ಹಾರಿಸಲಾಗದೆ ಹೋದಾಗ ಅದನ್ನು ಬಿಸಾಡಿ ಗ್ರೆನೇಡಿನಿಂದ ಮುಂದುವರಿದರು. ವಿಕ್ಟೋರಿಯಾ ಕ್ರಾಸ್ ಪಡೆದ ಅವರ ಕಥೆಯಲ್ಲಿ ಆಯುಧ ಅರ್ಧ ದಾರಿಯಲ್ಲೇ ನೆಲಕ್ಕೆ ಬೀಳುತ್ತದೆ. ಇದನ್ನು ಹೇಳಿದಾಗ ಹುಡುಗರು ಮೊದಲ ಸಲ ಗದ್ದಲ ನಿಲ್ಲಿಸಿದರು.

ಸಂಜೆ ಒಬ್ಬನೇ ಕೋಟೆ ಹತ್ತಿದೆ. ಮದ್ದು ಅರೆಯುತ್ತಿದ್ದ ಬೃಹತ್ ಬೀಸುಕಲ್ಲುಗಳಿರುವ ಗುಂಡಿಯ ಅಂಚಿನಲ್ಲಿ ಕತ್ತಲಾಗುವವರೆಗೆ ಕೂತಿದ್ದೆ. ಪಾಳೆಯಗಾರರ ಕಾಲದಲ್ಲಿ ಆ ಕಲ್ಲು ತಿರುಗಿಸಿದವರಿಗೂ, ಮದ್ದು ಎಷ್ಟು ಒದ್ದೆಯಿದ್ದರೆ ಕಿಡಿ ಹತ್ತುವುದಿಲ್ಲ, ಎಷ್ಟು ಒಣಗಿದರೆ ಅಪಾಯ ಎಂಬ ಲೆಕ್ಕ ಗೊತ್ತಿದ್ದಿರಬೇಕು. ಅವರು ಯಾವ ಮುಚ್ಚಳದ ಮೇಲೂ ಬರೆದಿಡಲಿಲ್ಲ.

ನಾಲ್ಕನೆಯ ದಿನ: ವಿಜಯದಶಮಿ

ಹೊರಡುವ ಮೊದಲು ಶಸ್ತ್ರಾಗಾರಕ್ಕೆ ಮತ್ತೊಮ್ಮೆ ಹೋದೆ. ಕುಂಕುಮದ ಒದ್ದೆ ಉಕ್ಕಿನ ಮೇಲೆ ಉಳಿದರೆ ಎರಡೇ ದಿನಕ್ಕೆ ತುಕ್ಕು ಏಳುತ್ತದೆ. ಅದನ್ನು ಒರೆಸಿ ಎಣ್ಣೆ ಹಚ್ಚುವುದು ಪೂಜೆಯ ಉಳಿದರ್ಧ. ಮೂರನ್ನೂ ಒರೆಸಿ, ಬೋಲ್ಟುಗಳನ್ನು ಮುಂದೆ ಬಿಟ್ಟು ಸ್ಪ್ರಿಂಗು ಸಡಿಲಿಸಿ, ಪೆಟ್ಟಿಗೆಯಲ್ಲಿ ಮಲಗಿಸಿದೆವು. ಬಾಗಿದ ತುಟಿಯ ನಾಲ್ಕು ಮ್ಯಾಗಜಿನ್ನುಗಳಿಗೆ ಕೆಂಪು ದಾರ ಕಟ್ಟಿದೆ. ಸರಿಮಾಡಲು ನನಗೆ ಕೈ ಕಡಿಯುತ್ತಿತ್ತು. ಆದರೆ ಅವು ಇನ್ನು ಯಾರಿಗೂ ಬೇಕಾಗಬಾರದು. ಹಾಗೆಯೇ ಇರಲಿ ಎಂದು ಬಿಟ್ಟೆ. ನಾನು ಬರೆದ ರಟ್ಟನ್ನು ಹೆಡ್ ಕಾನ್‌ಸ್ಟೆಬಲ್ಲರು ಮುಂದಿನ ವರ್ಷಕ್ಕೆಂದು ಎತ್ತಿಟ್ಟುಕೊಂಡರು.

ಮಧ್ಯಾಹ್ನ ಭರಮಸಾಗರದಲ್ಲಿ ಮತ್ತೆ ಇಳಿದೆ. ಅಜ್ಜರು ಅದೇ ಕಟ್ಟೆಯ ಮೇಲಿದ್ದರು. ಬನ್ನಿ ಕೊಟ್ಟು ಕಾಲು ಮುಟ್ಟಿದೆ. "ಬಂಗಾರದಂಗಿರಪ್ಪ" ಎಂದು ಅವರೂ ಎಲೆ ಕೊಟ್ಟರು. ರಟ್ಟಿನ ಮೇಲೆ ಬರೆದದ್ದನ್ನು ಒಂದೊಂದೇ ಸಾಲಾಗಿ ಓದಿ ಹೇಳಿದೆ. ಕೊನೆಯ ಸಾಲು ಹೀಗಿತ್ತು: "ಇದರ ಮ್ಯಾಗಜಿನ್ನಿಗೆ 32 ತೋಟೆ ಹಿಡಿಯುತ್ತದೆ, ಇದನ್ನು ಬಲ್ಲವರು 28 ಮಾತ್ರ ತುಂಬುತ್ತಿದ್ದರು." ಆಮೇಲೆ ಪೆಟ್ಟಿಗೆಯ ಮುಚ್ಚಳದ ಸಂಗತಿ ಹೇಳಿದೆ.

"ಯಾರು ಬರೆದದ್ದು?" ಎಂದರು.

"ಗೊತ್ತಿಲ್ಲ ಅಜ್ಜಾರೆ. ಹೆಸರಿಲ್ಲ."

"ಬಿಳೀ ಬಣ್ಣದಾಗೇನು?"

"ಹೌದು. ದೊಡ್ಡದಾಗಿ ಬರೆದವ್ರೆ."

ಅಜ್ಜರು ಮುಂದೆ ಮಾತಾಡಲಿಲ್ಲ. ಸೀಳಿದ ಉಗುರಿನ ಹೆಬ್ಬೆರಳಿನಿಂದ ಕಟ್ಟೆಯ ಅಂಚನ್ನು ಒಂದೇ ಹದದಲ್ಲಿ ಒತ್ತುತ್ತಾ ಕೂತರು. ನಾನು ಒಳಗೊಳಗೇ ಎಣಿಸುತ್ತಾ ಹೋದೆ. ಇಪ್ಪತ್ತೆಂಟಕ್ಕೆ ಬೆರಳು ನಿಂತಿತು.